ಗೋಡೆ ಕುಡಿದ ಉಸಿರು

ಗೋಡೆ ಕುಡಿಯುತ್ತಿದೆ ಎಂದು ಮೊದಲು ಹೇಳಿದವಳು ಸುಚೇತಾ. ಕಾಂಕ್ರೀಟಿನಲ್ಲಿರುವ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಕಲ್ಲಾಗುತ್ತದೆ. ಬಯಲಿನಲ್ಲಿ ಕಟ್ಟಿದ ಯಾವ ಮನೆಯಲ್ಲಾದರೂ ಇದು ನಡೆಯುವುದೇ. ಆದರೆ ಅಲ್ಲಿ ಯಾರೂ ಅದನ್ನು ಅಳೆಯುವುದಿಲ್ಲ. ಡಬ್ಬಿಯಲ್ಲಿ ಮಾತ್ರ ಒಂದೊಂದು ಉಸಿರನ್ನೂ ಅಳೆಯುತ್ತಿದ್ದರು.

ಡಬ್ಬಿ ಎಂಬುದು ಒಳಗಿದ್ದವರು ಇಟ್ಟುಕೊಂಡ ಹೆಸರು. ಮುಂಬಾಗಿಲಿನ ಫಲಕದ ಮೇಲೆ 'ಸಂವೃತ ಕುಟುಂಬ ವಸತಿ' ಎಂದಿತ್ತು. ಚಿತ್ರದುರ್ಗದ ಆಚೆ, ಕುರುಚಲು ಹುಲ್ಲಿನ ಬಯಲಿನಲ್ಲಿ, ದಪ್ಪ ಗೋಡೆಯ ಮೇಲೆ ಗಾಜಿನ ಚಾವಣಿ ಹೊದ್ದು ಕೂತ ಕಟ್ಟಡ. ಅದರೊಳಗೆ ನಾಲ್ಕು ಕುಟುಂಬಗಳು ಆರು ವರ್ಷ ಬಾಳಬೇಕಿತ್ತು. ಹೊರಗಿನ ಗಾಳಿ ಒಳಗೆ ಬರುವಂತಿಲ್ಲ, ಒಳಗಿನದು ಹೊರಗೆ ಹೋಗುವಂತಿಲ್ಲ. ಬೆಳೆದ ಸೊಪ್ಪು, ಭತ್ತ, ಟೊಮೇಟೊ ಗಿಡಗಳೇ ಗಾಳಿಯನ್ನು ಶುದ್ಧ ಮಾಡಬೇಕು. ಸಾಲದ್ದನ್ನು ಯಂತ್ರಗಳು ಮಾಡಬೇಕು. ಚಂದ್ರನ ಮೇಲೆ ಕಟ್ಟಲಿರುವ ಮನೆಗಳಲ್ಲಿ ಮಕ್ಕಳನ್ನು ಬೆಳೆಸಲು ಸಾಧ್ಯವೇ ಎಂಬುದು ಈ ಪ್ರಯೋಗದ ಪ್ರಶ್ನೆ. ಹಾಗಾಗಿ ಮಕ್ಕಳಿರುವ ಕುಟುಂಬಗಳನ್ನೇ ಆರಿಸಿದ್ದರು. ಮಕ್ಕಳ ಪರವಾಗಿ ಒಪ್ಪಿಗೆಯ ಸಹಿಯನ್ನು ಹೆತ್ತವರು ಹಾಕಿದ್ದರು.

ಸುಚೇತಾ ಗಾಳಿಯ ಎಂಜಿನಿಯರ್. ಗಂಡನಿಂದ ಬೇರೆಯಾದ ಮೇಲೆ ಹನ್ನೊಂದು ವರ್ಷದ ಮಗಳು ತನ್ಮಯಿಯ ಕೈಹಿಡಿದು ಒಳಗೆ ಬಂದಿದ್ದಳು. ಈಗ ನಾಲ್ಕು ವರ್ಷ ಕಳೆದಿತ್ತು.

"ಏನ್ರಿ ಸುಚೇತಾ ಅವರ, ನಿನ್ನಿ ಎಷ್ಟ ಕುಡದೈತ್ರಿ ನಿಮ್ಮ ಗ್ವಾಡಿ?" ಡಬ್ಬಿಯ ಮುಖ್ಯಸ್ಥ ಬಸವಪ್ರಭು ಬೆಳಿಗ್ಗೆ ನಿಯಂತ್ರಣ ಕೊಠಡಿಗೆ ಬಂದೊಡನೆ ಕೇಳುತ್ತಿದ್ದರು. ಅವರು ಧಾರವಾಡದ ಕಡೆಯವರು.

"ಮೊನ್ನೆಯಷ್ಟೇ ಸರ್."

"ಹಂಗಾರ ಅದಕ್ಕೂ ಒಂದ ಕಪ್ಪ ಚಹಾ ಇಡ್ರಿ. ಮನಿ ಮಂದಿ ಆಗೇತಿ ಅದು."

ತಮಾಷೆಯಾಗಿಯೇ ಶುರುವಾದರೂ ಗೋಡೆಯ ವಿಷಯ ದೊಡ್ಡದಾಗಿತ್ತು. ಒಳಗಿದ್ದವರೆಲ್ಲ ಬಿಡಬೇಕಾದ ಇಂಗಾಲಕ್ಕೂ ಗಾಳಿಯಲ್ಲಿ ನಿಜವಾಗಿ ಇದ್ದ ಇಂಗಾಲಕ್ಕೂ ಯುಗಾದಿಯ ಹೊತ್ತಿನಿಂದ ಸಣ್ಣ ವ್ಯತ್ಯಾಸ ಬರತೊಡಗಿತ್ತು. ಮಧ್ಯಾಹ್ನದ ಮೇಲೆ ಹೆಚ್ಚು, ಬೆಳಿಗ್ಗೆ ಏನೂ ಇಲ್ಲ. ಬಿಸಿಲು ಏರಿದಾಗ ಗೋಡೆ ಕಾಯುತ್ತದೆ, ಕಾದಾಗ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ ಎಂದು ಸುಚೇತಾ ವಿವರಿಸಿದಳು. ವಿವರಣೆ ಅಚ್ಚುಕಟ್ಟಾಗಿತ್ತು. ಅವಳು ಅದಕ್ಕೊಂದು ತಿದ್ದುಪಡಿಯ ಸೂತ್ರ ಕೊಟ್ಟಳು. ಹೊರಗಿನ ತಂಡದವರು ಮೆಚ್ಚಿ, ಚಂದ್ರನ ಮನೆಗಳ ನಕ್ಷೆಯಲ್ಲಿ ಅದನ್ನು ಸೇರಿಸಿಕೊಂಡರು. ಅಲ್ಲಿಯೂ ಇಂಥದೇ ಗೋಡೆ. ಗೋಡೆಯೇ ಅಷ್ಟು ಇಂಗಾಲ ಹೀರುವುದಾದರೆ ಗಾಳಿ ಶುದ್ಧಿ ಮಾಡುವ ಯಂತ್ರ ಅಷ್ಟು ಚಿಕ್ಕದಾದರೆ ಸಾಕು; ಭೂಮಿಯಿಂದ ಹೊತ್ತೊಯ್ಯುವ ಭಾರವೂ ಕಡಿಮೆ.

ಡಬ್ಬಿಯೊಳಗೆ ಹುಟ್ಟಿದ ಕಟ್ಟುಪಾಡುಗಳು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತಿದ್ದವು. ಸಾಸಿವೆ ಸಿಡಿದ ಹೊಗೆ ಶೋಧಕಗಳನ್ನು ಕೆಡಿಸುತ್ತದೆಂದು ಮನೆಮನೆಯಲ್ಲಿ ಒಗ್ಗರಣೆ ಇಲ್ಲ. ಭಾನುವಾರ ಸಾಮೂಹಿಕ ಅಡುಗೆಮನೆಯಲ್ಲಿ ಒಂದೇ ಒಗ್ಗರಣೆ ಹಾಕಿ ಎಲ್ಲರ ಪಾತ್ರೆಗೂ ಹಂಚುತ್ತಿದ್ದರು. ಊದುಬತ್ತಿ ಇಲ್ಲ. ಮತ್ತು ಓಡುವಂತಿಲ್ಲ. ಓಡುವ ಮಗು ಕೂತ ಮಗುವಿಗಿಂತ ಹಲವು ಪಟ್ಟು ಉಸಿರು ಖರ್ಚು ಮಾಡುತ್ತದೆ. ವ್ಯಾಯಾಮಕ್ಕೆಂದು ಓಡುವ ಯಂತ್ರವೊಂದಿತ್ತು. ಮೂತಿಗೆ ಮುಖವಾಡ ಕಟ್ಟಿಕೊಂಡು, ಪಾಳಿಯ ಪ್ರಕಾರ ಅದರ ಮೇಲೆ ಓಡಬೇಕು. ಪುಟ್ಟ ಮಕ್ಕಳು ನಡೆಯಲು ಕಲಿತ ತಕ್ಷಣ ಡಬ್ಬಿಯ ಹಿರಿಯರು ಕಲಿಸುತ್ತಿದ್ದ ಮಾತು "ನಿಧಾನ" ಎಂಬುದು.

ಮನೆಯೆಂದರೆ ಎರಡು ಕೋಣೆ. ಒಂದರಲ್ಲಿ ಊಟದ ಮೇಜು.

"ಪಟ್ಟಿ ಕಟ್ಕೋ ತನು," ಎಂದಳು ಸುಚೇತಾ, ಮಧ್ಯಾಹ್ನದ ಊಟಕ್ಕೆ ಕೂತಾಗ. ಎದೆಗೆ ಕಟ್ಟುವ ಆ ಪಟ್ಟಿ ಉಸಿರಿನ ಏರಿಳಿತವನ್ನು ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ತನ್ಮಯಿ ಅದನ್ನು ತೆಗೆದಿಟ್ಟು ವರ್ಷವಾಗುತ್ತಾ ಬಂದಿತ್ತು.

"ಸಾರಿಗೆ ಉಪ್ಪಿಲ್ಲ."

"ಎಲ್ಲರೂ ಕಟ್ಕೊಂಡಿದ್ದಾರೆ. ಮೂರು ವರ್ಷದ ಮಗು ಕಟ್ಕೊಂಡಿದೆ."

"ಕಟ್ಕೊಳ್ಳಲಿ. ಎಲ್ಲರ ಪಟ್ಟಿನೂ ಅವರವರ ಅಮ್ಮ ಕೂತು ನೋಡಲ್ಲ."

ಪಟ್ಟಿ ಕಳಚಿದ ದಿನ ಇಬ್ಬರಿಗೂ ನೆನಪಿತ್ತು. ಪರದೆಯ ಮೇಲೆ ಮಗಳ ಉಸಿರು ಬಿಕ್ಕಿ ಬಿಕ್ಕಿ ಬರುವುದನ್ನು ಕಂಡು ಸುಚೇತಾ ಕೆಲಸ ಬಿಟ್ಟು ಮನೆಗೆ ಬಂದಿದ್ದಳು; ಬಾಗಿಲಲ್ಲಿ ನಿಂತು "ಯಾಕೆ ಅಳ್ತಿದ್ದೀಯ ಪುಟ್ಟಾ?" ಎಂದು ಕೇಳಿದ್ದಳು. ಪ್ರೀತಿಯಿಂದಲೇ ಕೇಳಿದ್ದು. ತನ್ಮಯಿ ಮುಖ ಒರೆಸಿಕೊಂಡು, ಅಂಗಿಯೊಳಗೆ ಕೈಹಾಕಿ ಪಟ್ಟಿಯನ್ನು ಕಿತ್ತು ಮೇಜಿನ ಮೇಲೆ ಇಟ್ಟಿದ್ದಳು. ಅಳು ಯಾತಕ್ಕೆಂದು ಸುಚೇತಾಳಿಗೆ ಇವತ್ತಿಗೂ ತಿಳಿದಿರಲಿಲ್ಲ.

ಆಮೇಲೆ ಒಂದೊಂದೇ ಹಟ ಸೇರಿತು. ತನ್ಮಯಿ ಓಡುವ ಯಂತ್ರ ಹತ್ತುವುದನ್ನು ಬಿಟ್ಟಳು. ಹೊರಗಿನ ಮನಃಶಾಸ್ತ್ರಜ್ಞೆ ವಾರಕ್ಕೊಮ್ಮೆ ಪರದೆಯ ಮೇಲೆ ಬಂದಾಗ ಬೆನ್ನು ತಿರುಗಿಸಿ ಕೂತಳು. "ವಯಸ್ಸಿನ ಹುಡುಗಿ, ಬಿಡ್ರಿ ಅಕಿನ್ನ," ಎಂದು ಬಸವಪ್ರಭು ರಾಜಿ ಮಾಡಿಸಿದರು. ಊಟವಾದ ಮೇಲೆ ಅವಳು ಪುಸ್ತಕ ಹಿಡಿದು 'ಹೊಟ್ಟೆ'ಗೆ ಹೋಗುವುದು, ಎಲ್ಲರ ತಲೆ ಎಣಿಸುವ ಸಂಜೆಯ ಎಣಿಕೆಗೆ ಬರುವುದು ರೂಢಿಯಾಯಿತು. ಹೊಟ್ಟೆ ಎಂದರೆ ಕಟ್ಟಡದ ಹಿಂಬದಿಯ ದುಂಡು ಕೋಣೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದಾಗ ಗಾಜು ಒಡೆಯದಂತೆ ಅಲ್ಲಿ ದೊಡ್ಡ ರಬ್ಬರ್ ಹಾಳೆಯೊಂದು ಉಬ್ಬುತ್ತಿತ್ತು, ತಂಪಾದಾಗ ಇಳಿಯುತ್ತಿತ್ತು. ಅದರ ಗುಂಯ್‌ಗುಡುವ ಸದ್ದಿಗೆ ಬೇರೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ.

"ಅಲ್ಲಿ ಏನಿದೆ ಅಂತ ದಿನಾ ಹೋಗ್ತೀಯ?"

"ನೀನಿಲ್ಲ," ಎಂದಿದ್ದಳು ತನ್ಮಯಿ.

ದಸರೆ ಕಳೆದ ವಾರ ಅವಳು ಕುಂಟುತ್ತಾ ಎಣಿಕೆಗೆ ಬಂದಳು. ಬಲಗಾಲಿನ ಕೀಲು ಊದಿ ಬದನೆಕಾಯಿಯಂತಾಗಿತ್ತು. ಭತ್ತದ ಪಾತಿಯ ಹತ್ತಿರ ಜಾರಿದೆ ಎಂದಳು. ಸುಚೇತಾ ಬಿಸಿನೀರು ಕಾಯಿಸಿ, ಅರಿಶಿನ ಪಟ್ಟು ಹಾಕಿ, ಹಾಸಿಗೆಯಿಂದ ಏಳಬಾರದೆಂದು ಕಟ್ಟಪ್ಪಣೆ ಮಾಡಿದಳು. ತನ್ಮಯಿ ಗೋಡೆಯ ಕಡೆ ತಿರುಗಿ ಮಲಗಿದಳು. ಆದರೂ ಆ ವಾರ ಸುಚೇತಾಳಿಗೆ ಒಂದು ಬಗೆಯ ನೆಮ್ಮದಿ ಇತ್ತು. ಮಗಳು ಎಲ್ಲಿದ್ದಾಳೆಂದು ತಿಳಿದಿತ್ತು.

ಗೋಡೆ ಕುಡಿಯುವುದನ್ನು ನಿಲ್ಲಿಸಿದ್ದು ಆಗಲೇ.

ಮೊದಲ ದಿನ ಸುಚೇತಾ ಮಾಪಕಗಳನ್ನು ಅನುಮಾನಿಸಿದಳು. ಎರಡನೆಯ ದಿನ ಅವನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿದಳು. ಮಾಪಕಗಳು ಸರಿಯಿದ್ದವು. ಬಿಸಿಲು ಮೊದಲಿನಂತೆಯೇ ಇತ್ತು, ಗೋಡೆ ಮೊದಲಿನಂತೆಯೇ ಕಾದಿತ್ತು. ಇಂಗಾಲ ಮಾತ್ರ ಒಂದು ಚೂರೂ ಕಡಿಮೆ ಬೀಳಲಿಲ್ಲ.

"ಹೊಟ್ಟಿ ತುಂಬಿರಬೇಕ್ರಿ ಅದಕ್ಕ," ಎಂದರು ಬಸವಪ್ರಭು.

ಅವಳು ನಗಲಿಲ್ಲ. ಕೊರೆಯುವ ಯಂತ್ರ ತಂದು ಗೋಡೆಯ ಬೇರೆ ಬೇರೆ ಕಡೆ ಬೆರಳುದ್ದದ ತೂತು ತೆಗೆದು, ಬಂದ ಚೂರುಗಳ ಮೇಲೆ ಫಿನಾಲ್ಫ್ಥಲೀನ್ ಹನಿ ಹಾಕಿದಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಅದು: ಇಂಗಾಲ ಹೀರಿದ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ, ಹೀರದ ಭಾಗ ಗುಲಾಬಿಯಾಗುತ್ತದೆ. ಚೂರುಗಳೆಲ್ಲ ಹೆಚ್ಚುಕಡಿಮೆ ಮೇಲ್ಮೈವರೆಗೂ ಗುಲಾಬಿಯಾದವು. ಗೋಡೆ ಕುಡಿದದ್ದು ಬಹಳ ಸ್ವಲ್ಪ. ಅವಳ ಸೂತ್ರ ಹೇಳಿದ್ದರ ಕಾಲುಭಾಗವೂ ಇರಲಿಲ್ಲ.

ಗುಲಾಬಿ ಚೂರುಗಳನ್ನು ಮುಂದಿಟ್ಟುಕೊಂಡು ಅವಳು ಬಹಳ ಹೊತ್ತು ಕೂತಳು. ಆಮೇಲೆ, ಮೊದಲೇ ನೋಡಬೇಕಿದ್ದ ಒಂದನ್ನು ನೋಡಿದಳು. ಆಮ್ಲಜನಕ. ಮನುಷ್ಯ ಉಸಿರಾಡಿ ಬಿಟ್ಟ ಇಂಗಾಲವನ್ನು ಗೋಡೆ ಹೀರಿದರೆ ಇಂಗಾಲ ಮಾಯವಾಗುತ್ತದೆ, ಆದರೆ ಆ ಉಸಿರಿಗೆ ಖರ್ಚಾದ ಆಮ್ಲಜನಕ ತಿರುಗಿ ಬರುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಅಷ್ಟೊಂದು ಇರುವುದರಿಂದ ಒಂದು ಮಧ್ಯಾಹ್ನದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಯುಗಾದಿಯಿಂದ ಈಚಿನ ಎಲ್ಲ ಮಧ್ಯಾಹ್ನಗಳನ್ನು ಒಟ್ಟಿಗೆ ಸೇರಿಸಿ ಸರಾಸರಿ ತೆಗೆದಾಗ ಕಣ್ಣಿಗೆ ಬಿತ್ತು. ಮಾಯವಾದ ಇಂಗಾಲಕ್ಕೆ ತಕ್ಕ ಆಮ್ಲಜನಕ ಖರ್ಚೇ ಆಗಿರಲಿಲ್ಲ.

ಹೀರುವವರು ಯಾರೂ ಇರಲಿಲ್ಲ. ಉಸಿರಾಡುವವರೊಬ್ಬರು ಇರಲಿಲ್ಲ.

ಆ ಕೊರತೆ ಎಷ್ಟೆಂದು ಅವಳು ಗುಣಿಸಿ ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದಳು. ಐವತ್ತು ಕಿಲೋಗಿಂತ ತುಸು ಕಡಿಮೆ ತೂಕದ, ಬೆಳೆಯುವ ವಯಸ್ಸಿನ ಒಂದು ಜೀವ.

ಕಾಲು ವಾಸಿಯಾದ ಮರುದಿನ ಊಟ ಮುಗಿಸಿ ತನ್ಮಯಿ ಪುಸ್ತಕ ಹಿಡಿದು ಹೊರಟಳು. ಸ್ವಲ್ಪ ಹೊತ್ತಾದ ಮೇಲೆ ಸುಚೇತಾ ಹೊಟ್ಟೆಗೆ ಹೋದಳು. ರಬ್ಬರ್ ಹಾಳೆ ತಲೆಯ ಮೇಲೆ ಉಬ್ಬಿ ನಿಂತಿತ್ತು. ಪುಸ್ತಕ ನೆಲದ ಮೇಲಿತ್ತು. ಮಗಳಿರಲಿಲ್ಲ.

ಕೋಣೆಯ ತುದಿಯಲ್ಲಿ ತುರ್ತು ಬಾಗಿಲು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಎರಡು ಕಬ್ಬಿಣದ ಬಾಗಿಲುಗಳು. ಬೆಂಕಿ ಅನಾಹುತದ ಕಾಯ್ದೆಯ ಪ್ರಕಾರ ಅವಕ್ಕೆ ಬೀಗ ಹಾಕುವಂತಿಲ್ಲ. ಒಳಗಿನಿಂದ ಯಾರು ತಳ್ಳಿದರೂ ತೆರೆಯಬೇಕು. ಹೊರಬಾಗಿಲಿಗೆ ಹೊರಗಿನಿಂದ ಹಿಡಿಯೇ ಇಲ್ಲ. ಇದು ಡಬ್ಬಿಯ ಎಲ್ಲರಿಗೂ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ಯಾರೂ ಆ ಬಾಗಿಲಿನ ಬಗ್ಗೆ ಯೋಚಿಸಿರಲಿಲ್ಲ. ತಳ್ಳಿದರೆ ಕೂಗಬೇಕಾದ ಗಂಟೆಯ ತಂತಿಗಳ ನಡುವೆ ತಾಮ್ರದ ಚೂರೊಂದನ್ನು ಸೇರಿಸಿ, ಒಪ್ಪವಾಗಿ ತಿರುಚಿ, ಟೇಪು ಸುತ್ತಿತ್ತು. ಆ ಕೈಗೆಲಸ ಸುಚೇತಾಳಿಗೆ ಗೊತ್ತಿತ್ತು. ಊಟದ ಮೇಜಿನ ಮೇಲೆ ಬಲ್ಬು, ಸೆಲ್ಲು ಇಟ್ಟುಕೊಂಡು ಅವಳೇ ಕಲಿಸಿದ್ದು.

ಅವಳು ನೆಲದ ಮೇಲೆ ಕೂತು ಕಾದಳು.

ಬಾಗಿಲು ಸದ್ದಿಲ್ಲದೆ ತೆರೆಯಿತು. ತನ್ಮಯಿಯ ಮೊಣಕಾಲಿನವರೆಗೆ ಕೆಂಪು ಧೂಳು, ಕೂದಲಲ್ಲಿ ಹುಲ್ಲಿನ ಬೀಜ, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ತಾಯಿಯನ್ನು ಕಂಡು ನಿಂತಳು. ಬಾಗಿಲನ್ನು ಹುಷಾರಾಗಿ ಮುಚ್ಚಿದಳು.

"ಯಾವಾಗಿಂದ?" ಎಂದಳು ಸುಚೇತಾ.

"ನಿನಗೆ ಯಾವಾಗ ಗೊತ್ತಾಯ್ತು, ಅದು ಹೇಳು ಮೊದಲು."

"ಈಗ ಒಂದೆರಡು ದಿನ."

"ಯುಗಾದಿಯಿಂದ." ತನ್ಮಯಿಗೆ ನಗು ಬಂತು. "ಒಂದು ವಾರದಲ್ಲಿ ಸಿಕ್ಕಿಹಾಕ್ಕೋತೀನಿ ಅಂತ ಅಂದ್ಕೊಂಡಿದ್ದೆ. ನನ್ನಮ್ಮನ ಯಂತ್ರಗಳಲ್ವಾ ಅಂತ. ಬರ್ತೀಯ, ಬರ್ತೀಯ ಅಂತ ಕಾದೂ ಕಾದೂ ಸಾಕಾಗೋಯ್ತು."

"ನಾನು ಅದನ್ನ ಗೋಡೆ ಅಂದ್ಕೊಂಡೆ ಕಣೆ."

"ಯಾವುದನ್ನ?"

"ನೀನಿಲ್ಲದ್ದನ್ನ."

"ಅಂದ್ರೆ ದಿನಾ ಬೆಳಿಗ್ಗೆ ನೀನೂ ಅಂಕಲ್ಲೂ ಚಹಾ ಕುಡೀತಾ ಗೋಡೆ ಗೋಡೆ ಅಂತ ಮಾತಾಡ್ತಿದ್ದಿದ್ದು ನನ್ನ ಬಗ್ಗೆನಾ? ಪರವಾಗಿಲ್ಲ. ಗೋಡೆ ಬಗ್ಗೆನಾದ್ರೂ ಇಷ್ಟು ಕಾಳಜಿ ಇತ್ತಲ್ಲ."

"ಹೊರಗೆ ಹೋಗಿ ಏನು ಮಾಡ್ತೀಯ?"

"ಓಡ್ತೀನಿ."

ಆ ಒಂದು ಮಾತಿಗೆ ಸುಚೇತಾಳ ಕೋಪ ಸಡಿಲವಾಯಿತು. ಇನ್ನೇನೇನೋ ಊಹಿಸಿಕೊಂಡು ಬಂದಿದ್ದಳು.

"ಹೋದವಳು ಮತ್ತೆ ಯಾಕೆ ಬರ್ತಿದ್ದೆ?"

"ಎಣಿಕೆಗೆ ಸಿಗದಿದ್ರೆ ಡಬ್ಬಿ ತೆಗೀತಾರಲ್ಲ. ನಿಮ್ಮೆಲ್ಲರ ವರ್ಷಗಳೂ ಮಣ್ಣುಪಾಲು. ಅಷ್ಟು ಕೆಟ್ಟವಳಲ್ಲ ನಾನು." ತನ್ಮಯಿ ಕೂತು ಕಾಲಿನ ಧೂಳು ಕೊಡವಿಕೊಂಡಳು. "ನೀವೆಲ್ಲ ಇಲ್ಲಿ ಕೆಲಸ ಮಾಡ್ತಿದ್ದೀರ ಅಮ್ಮ. ನಾನು ಮಾತ್ರ ಸುಮ್ನೆ ಇದ್ದೀನಿ, ಅಷ್ಟೇ."

ಸುಚೇತಾ ಚಂದ್ರನ ಮನೆಗಳ ವಿಷಯ ಹೇಳಿದಳು. ಕುಡಿಯದ ಗೋಡೆಯನ್ನು ನಂಬಿ ಚಿಕ್ಕದು ಮಾಡಿದ ಯಂತ್ರಗಳ ವಿಷಯ. ಬೈಯಲು ಅಲ್ಲ, ಹೇಳಲೇಬೇಕಿತ್ತು. ತನ್ಮಯಿಯ ಕೈ ಕಾಲಿನ ಮೇಲೆಯೇ ನಿಂತಿತು.

"ಅಲ್ಲಿಗೆ ಹೋಗೋ ಮಕ್ಕಳಿಗೆ ಉಸಿರು ಕಟ್ಟುತ್ತಾ?"

"ಒಮ್ಮೆಗೇ ಅಲ್ಲ. ತಲೆನೋವು, ಮಂಕು. ಆಮೇಲೆ ಕಟ್ಟುತ್ತೆ."

"ನನಗೆ ಅದು ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ."

ಬಹಳ ದಿನಗಳ ಮೇಲೆ ಅವರಿಬ್ಬರೂ ಒಂದೇ ವಿಷಯಕ್ಕೆ ಹೆದರಿ ಕೂತಿದ್ದರು.

ಬಸವಪ್ರಭು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ನಿಯಂತ್ರಣ ಕೊಠಡಿಯ ಬಾಗಿಲು ಹಾಕಿ ಬಂದು ಕೂತರು.

"ಸೂತ್ರ ತಿದ್ದಲೇಬೇಕ್ರಿ. ಅದರಾಗ ಎರಡ ಮಾತಿಲ್ಲ."

"ತಿದ್ದಿದರೆ ಯಾಕೆ ಅಂತ ಕೇಳ್ತಾರೆ ಸರ್."

"ಮಾಪಕ ಕೆಟ್ಟಿದ್ವು ಅಂತ ಬರೀತೀನಿ. ಅದು ನನ್ನ ತಲಿ ಮ್ಯಾಲ ಇರ್ಲಿ. ಅವರಿಗೆ ಬೇಕಾಗಿದ್ದ ಸರಿಯಾದ ಸಂಖ್ಯೆ, ಅದು ಸಿಕ್ಕತಲ್ಲ. ಇನ್ನ ಎರಡ ವರ್ಷದ್ದ ಕೆಲಸ ಐತಿ. ಉಳದ ಮೂರ ಮನಿ ಮಂದಿ ಏನ ತಪ್ಪ ಮಾಡ್ಯಾರ ಹೇಳ್ರಿ." ಅವರು ಎದ್ದು ಕಪಾಟಿನಿಂದ ಒಂದು ಸರಪಳಿ, ಬೀಗ ತಂದು ಅವಳ ಮುಂದಿಟ್ಟರು. "ಆ ಬಾಗಲಾ ಒಂದ ಬಂದಾಗಬೇಕು."

"ಕಾಯ್ದೆ?"

"ಕಾಯ್ದೆ ಮಾಡಿದವರು ಇದರೊಳಗ ಇಲ್ರಿ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಬೀಗದಕೈ ನಿಮ್ಮ ಕಡೆನ ಇರ್ಲಿ. ಅಕಿಗೂ ಬ್ಯಾರೇದವ್ರು ಹಾಕಿದಂಗ ಆಗೂದಿಲ್ಲ. ನೀವು ತಾಯಿ ಇದ್ದೀರಿ, ತಿಳಿಸಿ ಹೇಳ್ರಿ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಸುಚೇತಾಳನ್ನು ಹೆದರಿಸಿದ್ದು ಅದೇ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದರೆ ಎಲ್ಲವೂ ಸರಿಯಿತ್ತು: ಸಂಖ್ಯೆ ತಿದ್ದುವುದು ಸರಿ, ಮೂರು ಕುಟುಂಬಗಳ ಶ್ರಮ ಉಳಿಸುವುದು ಸರಿ, ಬಾಗಿಲು ಭದ್ರ ಮಾಡುವುದೂ ಒಂದು ಲೆಕ್ಕದಲ್ಲಿ ಸರಿ. ಕೂಡಿಸಿದಾಗ ಮಾತ್ರ ಹದಿನೈದು ವರ್ಷದ ಹುಡುಗಿಯೊಬ್ಬಳು ಸರಪಳಿಯ ಹಿಂದೆ ಉಳಿಯುತ್ತಿದ್ದಳು. ಸುಚೇತಾ ಬೇಡ ಎಂದು ಹೇಳಿ ನೋಡಿದಳು. ಕಾರಣ ಏನೆಂದು ಬಸವಪ್ರಭು ಕೇಳಿದಾಗ ಅವಳಿಗೆ ಒಂದು ವಾಕ್ಯವೂ ಕೂಡಿಬರಲಿಲ್ಲ. ಸರಪಳಿಯನ್ನು ಚೀಲಕ್ಕೆ ಹಾಕಿಕೊಂಡಳು. ಅದು ಎಣಿಸಿದ್ದಕ್ಕಿಂತ ಭಾರವಾಗಿತ್ತು.

ಮರುದಿನ ಊಟವಾದ ಮೇಲೆ ಚೀಲ ಹಿಡಿದು ಹೊಟ್ಟೆಗೆ ಹೋದಾಗ ತನ್ಮಯಿ ಬಾಗಿಲ ಬಳಿ ಕೂತು ಜಡೆ ಮೇಲಕ್ಕೆ ಕಟ್ಟುತ್ತಿದ್ದಳು. ಚೀಲದೊಳಗಿನ ಸದ್ದು ಕೇಳಿ ತಲೆಯೆತ್ತಿದಳು.

"ಬೀಗನಾ?"

"ಹೂಂ."

"ಅಂಕಲ್ ಕೊಟ್ರಾ?"

"ಹೂಂ."

"ನಾನು ಒಳಗಿದ್ದಾಗ ಹಾಕ್ತೀಯೋ, ಹೊರಗಿದ್ದಾಗ ಹಾಕ್ತೀಯೋ? ಹೊರಗಿದ್ದಾಗ ಹಾಕೋದಾದ್ರೆ ಹೇಳು, ಇನ್ನೊಂದು ಜೊತೆ ಬಟ್ಟೆ ತಗೋತೀನಿ."

ಸುಚೇತಾ ಚೀಲ ಕೆಳಗಿಡಲಿಲ್ಲ. "ನೀನು ಎಲ್ಲಿಗೆ ಹೋಗ್ತೀಯ ಅಂತ ನಾನು ನೋಡ್ಬೇಕು," ಎಂದಳು.

"ನೋಡಿ ಎಲ್ಲಿ ಬರೀತೀಯ?"

"ಬರೆಯಲ್ಲ."

ತನ್ಮಯಿ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ, ಎದ್ದು ಬಾಗಿಲು ತಳ್ಳಿದಳು. ಇಬ್ಬರೂ ಒತ್ತಾಗಿ ಆ ಸಣ್ಣ ಜಾಗದಲ್ಲಿ ನಿಂತರು. ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯಬೇಕಿತ್ತು. ಹೊರಬಾಗಿಲು ತೆರೆದಾಗ ತನ್ಮಯಿ ಬಗ್ಗಿ, ಅಲ್ಲೇ ಬಿದ್ದಿದ್ದ ಚಪ್ಪಟೆ ಕಲ್ಲೊಂದನ್ನು ಸಂದಿಗೆ ಸಿಕ್ಕಿಸಿದಳು.

ಗಾಳಿ. ಸುಚೇತಾ ಅದನ್ನು ಮರೆತಿದ್ದಳು. ಒಳಗೆ ಗಾಳಿ ಇತ್ತು, ಹಗಲೂ ರಾತ್ರಿ ಅವಳು ಅದರದ್ದೇ ಕೆಲಸ ಮಾಡುತ್ತಿದ್ದಳು. ಬೀಸುವ ಗಾಳಿ ಇರಲಿಲ್ಲ. ಇದು ಎಲ್ಲಿಂದಲೋ ಬಂದು, ಅವಳ ಸೀರೆಯ ಸೆರಗನ್ನು ಎಳೆದು, ಯಾವ ಯಂತ್ರದ ಹಂಗೂ ಇಲ್ಲದೆ ಎಲ್ಲಿಗೋ ಹೋಗುತ್ತಿತ್ತು. ಬಿಸಿಲಿಗೆ ಕಣ್ಣು ಕಿರಿದಾಯಿತು.

ಸ್ವಲ್ಪ ದೂರದಲ್ಲಿ, ಹೊರಗಿನ ಸಿಬ್ಬಂದಿಯ ವಸತಿಗೃಹಗಳ ಹಿಂದೆ, ಹುಲ್ಲು ಸವೆದ ಮಟ್ಟಸ ನೆಲ. ಎರಡು ಕಂಬ ನೆಟ್ಟಿದ್ದರು. ಹುಡುಗಿಯರು ಸಾಲಾಗಿ ಕುಕ್ಕುರುಗಾಲಿನಲ್ಲಿ ಕೂತಿದ್ದರು, ಒಬ್ಬಳು ಈ ಕಡೆಗೆ, ಮುಂದಿನವಳು ಆ ಕಡೆಗೆ ಮುಖ ಮಾಡಿ.

"ಡಬ್ಬಿ ಬಂದ್ಲು, ಡಬ್ಬಿ ಬಂದ್ಲು," ಎಂದು ಒಬ್ಬಳು ಕೂಗಿದಳು. ಹಿಂದೆ ಬರುತ್ತಿದ್ದ ಸುಚೇತಾಳನ್ನು ಕಂಡು ಎಲ್ಲರೂ ಸುಮ್ಮನಾದರು.

"ನಮ್ಮಮ್ಮ," ಎಂದಳು ತನ್ಮಯಿ. "ಏನೂ ಮಾಡಲ್ಲ, ಆಡ್ರೇ."

ತನ್ಮಯಿ ಎಲ್ಲಿಂದ ಬರುತ್ತಾಳೆಂದು ಅವರಿಗೆಲ್ಲ ಗೊತ್ತಿತ್ತು. ಹೊರಗಿನ ಕಚೇರಿಯಲ್ಲಿ ಕೂತು ಡಬ್ಬಿಯ ಮೇಲೆ ಕಣ್ಣಿಟ್ಟವರ ಮಕ್ಕಳೇ ಇವರು. ಯುಗಾದಿಯಿಂದ ಒಬ್ಬಳೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಸುಚೇತಾ ಜಾಲಿಮರದ ಕೆಳಗೆ ಕೂತಳು. ಮಗಳು ಓಡುವುದನ್ನು ಅವಳು ಕೊನೆಯ ಬಾರಿ ಕಂಡದ್ದು ಹನ್ನೊಂದರ ವಯಸ್ಸಿನಲ್ಲಿ. ಆ ಓಟ ಇದಾಗಿರಲಿಲ್ಲ. ಈ ಹುಡುಗಿ ಕೂತವರ ನಡುವೆ ಹಾವಿನಂತೆ ನುಸುಳಿ, ಹಿಡಿಯಲು ಬಂದವಳ ಕೈಯಿಂದ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ತಪ್ಪಿಸಿಕೊಂಡು, ಕಂಬವನ್ನು ಒಂದೇ ಕೈಯಲ್ಲಿ ಸುತ್ತಿ ತಿರುಗುತ್ತಿದ್ದಳು. ಬಾಯ್ತೆರೆದು ಉಸಿರಾಡುತ್ತಿದ್ದಳು, ಎಷ್ಟು ಬೇಕೋ ಅಷ್ಟು. ಆ ಉಸಿರನ್ನು ಯಾರೂ ಅಳೆಯುತ್ತಿರಲಿಲ್ಲ. ಸುಚೇತಾ ಕೂಡ ಅಳೆಯಲಾರದೆ ಹೋದಳು. ಅಷ್ಟು ಜೋರಾಗಿ ನಗುವ ಮಗಳು ತನಗಿದ್ದಾಳೆಂದು ಅವಳಿಗೆ ತಿಳಿದಿರಲಿಲ್ಲ.

ಬಿಸಿಲು ಇಳಿದಾಗ ತನ್ಮಯಿ ಬಂದು ಅವಳ ಮುಂದೆ ನಿಂತಳು. "ನಡಿ, ಎಣಿಕೆ ಹೊತ್ತಾಯ್ತು."

"ಇನ್ನೊಂದಾಟ ಆಡು ಹೋಗು."

"ಅಮ್ಮ, ಹೊತ್ತಾಯ್ತು ಅಂದೆ."

"ನಾವು ಹೋಗೋದು ಬೇಡ." ಸುಚೇತಾ ಅದನ್ನು ಆಗಲೇ ನಿರ್ಧರಿಸಿದ್ದಳು, ಮಗಳು ಕಂಬ ಸುತ್ತುವುದನ್ನು ನೋಡುತ್ತಲೇ. "ಇಲ್ಲೇ ಇದ್ದುಬಿಡೋಣ. ಅವರು ಎಣಿಸಲಿ, ಡಬ್ಬಿ ತೆಗೀಲಿ. ದಾವಣಗೆರೆಗೆ ಚಿಕ್ಕಮ್ಮನ ಮನೆಗೆ ಹೋಗೋಣ. ಅಲ್ಲಿ ಶಾಲೆಗೆ ಸೇರಿಸ್ತೀನಿ, ಮೈದಾನ ಇರೋ ಶ..."

ಅವಳು ಮಾತು ನಿಲ್ಲಿಸಿದಳು. ತನ್ಮಯಿಯ ಮುಖ ಸಂತೋಷದ್ದಾಗಿರಲಿಲ್ಲ.

"ಒಳಗೆ ಹೋಗೋದು ನೀನೇ ತೀರ್ಮಾನ ಮಾಡಿದೆ," ಎಂದಳು ತನ್ಮಯಿ. ದನಿ ಏರಿರಲಿಲ್ಲ. "ಹನ್ನೊಂದು ವರ್ಷ ನನಗೆ. ಒಂದಿನ ಶಾಲೆಯಿಂದ ಬಂದೆ, ಪೆಟ್ಟಿಗೆ ಕಟ್ಟಿತ್ತು. ಈಗ ಹೊರಗೆ ಬರೋದೂ ನೀನೇ ತೀರ್ಮಾನ ಮಾಡ್ತೀಯ. ಮರದ ಕೆಳಗೆ ಕೂತು. ನಾನು ಅಲ್ಲಿ ಆಡ್ತಿದ್ದಾಗ."

"ನಿನಗೆ ಇದೇ ಬೇಕಾಗಿತ್ತಲ್ವಾ?"

"ಕೇಳಿದ್ಯಾ?"

ಹುಡುಗಿಯರು ಇತ್ತ ನೋಡುತ್ತಿದ್ದರು. ಕೇಳಬೇಕು ಎಂದು ಸುಚೇತಾಳಿಗೆ ಗೊತ್ತಾಯಿತು; ಹೇಗೆ ಎಂದು ಗೊತ್ತಾಗಲಿಲ್ಲ. ನಾಲ್ಕು ವರ್ಷ ಅವಳು ಮಗಳ ಬಗ್ಗೆ ಪ್ರತಿಯೊಂದನ್ನೂ ತಿಳಿದುಕೊಂಡದ್ದು ಕೇಳದೆಯೇ.

"ಏನು ಮಾಡೋಣ, ಹೇಳು," ಎಂದಳು ಕೊನೆಗೆ.

ತನ್ಮಯಿ ಮೊಣಕೈಯ ತರಚು ಗಾಯವನ್ನು ಉಜ್ಜುತ್ತಾ ಡಬ್ಬಿಯ ಕಡೆ ನೋಡಿದಳು. ಗಾಜಿನ ಮೇಲೆ ಸಂಜೆಯ ಬಿಸಿಲು ಬಿದ್ದು ಕಟ್ಟಡ ಉರಿಯುವಂತೆ ಕಾಣುತ್ತಿತ್ತು.

"ಮಾಪಕ ಕೆಟ್ಟಿತ್ತು ಅಂತ ಬರೆಯೋದು ಬೇಡ. ಅವರ ಪ್ರಶ್ನೆ ಏನು? ಮಕ್ಕಳು ಇದರೊಳಗೆ ಬೆಳೀಬಹುದಾ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇದೆ. ನೀವು ಅದನ್ನ ಗೋಡೆ ಅಂತ ಬರೆದ್ರಿ, ಈಗ ಮಾಪಕ ಅಂತ ಬರೀತೀರ." ಅವಳು ಕೈಚಾಚಿದಳು. "ಆ ಚೀಲ ಕೊಡು. ಸರಪಳಿನ ಎಣಿಕೆ ಹೊತ್ತಿಗೆ ಎಲ್ಲರ ಮುಂದೆ ಇಡ್ತೀನಿ. ನಾನೇ ಹೇಳ್ತೀನಿ. ಅದಾದ್ಮೇಲೆ ತೆಗೀತಾರೋ, ಮುಚ್ತಾರೋ, ಎಲ್ಲರೂ ಕೂತು ಮಾತಾಡಲಿ. ನನ್ನನ್ನೂ ಕೂರಿಸ್ಕೊಂಡು."

"ನಾನೂ ಬರ್ತೀನಿ."

"ನೀನು ಬಂದ್ರೆ ಅವರೆಲ್ಲ ನಿನ್ನ ಮುಖ ನೋಡ್ತಾರೆ. ನಾನು ಅರ್ಧ ಹೇಳೋಷ್ಟರಲ್ಲಿ ನೀನು ವಿವರಿಸೋಕೆ ಶುರು ಮಾಡ್ತೀಯ."

ಅದು ನಿಜವಾಗಿತ್ತು. ಸುಚೇತಾ ಚೀಲವನ್ನು ಕೊಟ್ಟಳು. ಭಾರಕ್ಕೆ ತನ್ಮಯಿಯ ಕೈ ಒಮ್ಮೆ ಕೆಳಗೆ ಜಗ್ಗಿತು.

ಬಾಗಿಲವರೆಗೆ ಅವಳು ಮಗಳ ಹಿಂದೆಯೇ ನಡೆದಳು. ತನ್ಮಯಿ ಒಳಗೆ ಕಾಲಿಟ್ಟು, ಸಂದಿನ ಕಲ್ಲನ್ನು ಪಾದದಿಂದ ಹೊರಕ್ಕೆ ತಳ್ಳಿದಳು.

"ನಾನೇ ಬಂದು ತೆಗೀತೀನಿ. ಅಲ್ಲಿವರೆಗೆ ಬಡೀಬೇಡ," ಎಂದಳು.

ಬಾಗಿಲು ಮುಚ್ಚಿತು. ಹೊರಮೈ ನುಣುಪಾದ ಕಬ್ಬಿಣ. ಸುಚೇತಾ ಅಂಗೈಯನ್ನು ಅದರ ಮೇಲಿಟ್ಟಳು. ದಪ್ಪ ಕಬ್ಬಿಣ, ಒಳಗಿನ ಯಾವ ಸದ್ದೂ ಬರಲಿಲ್ಲ. ಮಗಳು ಈಗ ನಡೆಯುತ್ತಿದ್ದಾಳೋ, ನಿಂತಿದ್ದಾಳೋ, ಅಳುತ್ತಿದ್ದಾಳೋ, ಹೇಳಲು ಶುರು ಮಾಡಿದಳೋ, ಬಸವಪ್ರಭು ಅವಳನ್ನು ತಡೆದರೋ. ನೋಡಲು ಪರದೆಯಿರಲಿಲ್ಲ. ಬಡಿಯಬೇಕೆಂದು ಎತ್ತಿದ ಮುಷ್ಟಿಯನ್ನು ಇಳಿಸಿದಳು. ಮತ್ತೆ ಎತ್ತಿದಳು. ಮತ್ತೆ ಇಳಿಸಿದಳು.

"ಆಂಟಿ, ಅವಳು ಬರ್ತಾಳಾ?" ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು. ಆಟದ ಮುಂದಾಳಿರಬೇಕು, ಎರಡು ಜಡೆಯವಳು.

"ಗೊತ್ತಿಲ್ಲಮ್ಮ."

"ನಿಮ್ಗೇ ಗೊತ್ತಿಲ್ವಾ?"

"ಇಲ್ಲ."

ಹುಡುಗಿ ಸಾಲಿನ ಕಡೆ ನೋಡಿದಳು. "ಹಂಗಾದ್ರೆ ನೀವು ಬರ್ರಿ. ಒಬ್ರು ಕಮ್ಮಿ ಬೀಳ್ತಾರೆ. ಸುಮ್ನೆ ಸಾಲಾಗೆ ಕುತ್ಕಳ್ರಿ ಸಾಕು. ಖೋ ಕೊಟ್ರೆ ಮಾತ್ರ ಏಳ್ಬೇಕು."

"ನನಗೆ ಓಡೋಕೆ ಬರಲ್ಲ."

"ನಿಮ್ಗೆ ಯಾರೂ ಕೊಡಲ್ಲ ಬಿಡ್ರಿ," ಎಂದು ಇನ್ನೊಬ್ಬಳು ಸಮಾಧಾನ ಹೇಳಿದಳು.

ಅವರು ಅವಳನ್ನು ಎಳೆದುಕೊಂಡು ಹೋಗಿ ಸಾಲಿನ ನಡುವೆ ಕೂರಿಸಿದರು, ಬಯಲಿನ ಕಡೆಗೆ ಮುಖ ಮಾಡಿಸಿ. ಬಾಗಿಲು ಬೆನ್ನ ಹಿಂದೆ ಉಳಿಯಿತು. ಸುಚೇತಾ ತಿರುಗಿ ನೋಡಿದಳು.

"ತಿರುಗಂಗಿಲ್ಲ ಆಂಟಿ."

ಅವಳು ಮುಖ ಮುಂದೆ ಮಾಡಿದಳು. ಒಂದು ಮಂಡಿ ನೆಲಕ್ಕೆ ತಾಗಿ ನೋಯುತ್ತಿತ್ತು. ಕಾಲುಗಳ ಸದ್ದು ಒಮ್ಮೆ ಹತ್ತಿರ ಬಂತು, ಒಮ್ಮೆ ದೂರ ಹೋಯಿತು. ಎರಡು ಕೈಗಳನ್ನೂ ಧೂಳಿನಲ್ಲಿ ಊರಿ, ಕಿವಿಯನ್ನೆಲ್ಲ ಬೆನ್ನಿಗೆ ಕೊಟ್ಟು, ಏಳುವಂತೆ ಯಾರಾದರೂ ಮುಟ್ಟುವುದನ್ನು ಅವಳು ಕಾಯುತ್ತಾ ಕೂತಳು.